ಮೂರನೇ ಓಟ

ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಅದು ಮೈ ಬಿಸಿಯಾಗಲಿಕ್ಕೆ, ಅಷ್ಟೇ.

ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತಾರು.
ನದಿ ಹೆಪ್ಪುಗಟ್ಟಿ ತಿಂಗಳಾಯಿತು;
ಅದರ ಮೇಲೆ ಯಾರದೋ ಸ್ಕೀ ಎಳೆದ ಎರಡು ಗೆರೆ
ಆಚೆ ದಡಕ್ಕೆ ಹೋಗಿವೆ, ಮರಳಿ ಬಂದಿಲ್ಲ.
ಒಳಗೆ, ಹಿಂದೆ ಕಾಗದದ ಸುರುಳಿ ಉರುಳುತ್ತಿದ್ದ ಹಜಾರದಲ್ಲಿ
ಎರಡು ಸರ್ವರ್, ಎರಡು ಬಗೆಯ ಪ್ರೊಸೆಸರ್,
ಗೋಡೆಗೂ ಅವಕ್ಕೂ ನಡುವೆ ಒಂದೊಂದು ಮೀಟರು,
ಮತ್ತೆ ನಾನು, ಓನರ್ವಾ,
ಯಾರು ಎಷ್ಟು ಉಂಡು ಎಷ್ಟು ದುಡಿದರೆಂದು
ಬರೆದಿಡುವವಳು.

ಹೆಸರೆತ್ತುವಂತಿಲ್ಲ, ಕಂಪನಿಗಳ ಕರಾರು.
ಹಾಗಾಗಿ ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ.

ಎರಡಕ್ಕೂ ಒಂದೇ ಕೆಲಸ ಕೊಟ್ಟೆ:
ಹತ್ತು ವರ್ಷದ ಹಿಮ ಗಾಳಿಯ ಅಂಕಿಗಳ ಮೂಟೆ ಬಿಚ್ಚಿ
ಎಣಿಸಿ, ವಿಂಗಡಿಸಿ, ಮತ್ತೆ ಕಟ್ಟಿಡುವುದು.
ಕೆಂಪು ನಲವತ್ತೊಂದು ನಿಮಿಷಕ್ಕೆ ಮುಗಿಸಿತು
ಆರುನೂರ ಇಪ್ಪತ್ತು ವ್ಯಾಟ್ ಗಟಗಟ ಕುಡಿಯುತ್ತ,
ಫ್ಯಾನುಗಳೆಲ್ಲ ಹುಯಿಲೆಬ್ಬಿಸುತ್ತ.
ನೀಲಿಗೆ ಐವತ್ತೆಂಟು ನಿಮಿಷ,
ಮುನ್ನೂರ ತೊಂಬತ್ತಕ್ಕೇ ಹೊಟ್ಟೆ ತುಂಬಿತು.
ಗುಣಿಸಿದರೆ ನೀಲಿಯದೇ ಹಿತಮಿತ,
ನಲವತ್ತೇಳು ವ್ಯಾಟ್-ಗಂಟೆ ಉಳಿತಾಯ.

ಗೆದ್ದಿತಲ್ಲ ಅಂದುಕೊಂಡೆ.
ಆಮೇಲೆ ಕೆಲಸ ಕೊಡದೆ ಸುಮ್ಮನೆ ಬಿಟ್ಟು ನೋಡಿದೆ.

ಕೆಂಪು ಮಲಗಿತು. ತೊಂಬತ್ತಕ್ಕೆ ಇಳಿದು
ಮಗುವಿನ ಹಾಗೆ ಉಸಿರಾಡಿತು.
ನೀಲಿ ಮಾತ್ರ ಏನೂ ಮಾಡದೆ
ನೂರ ನಲವತ್ತೈದರಲ್ಲಿ ಕಣ್ಣು ಬಿಟ್ಟುಕೊಂಡೇ ಕೂತಿತು,
ಯಾರೋ ಕರೆದಾರೆಂದು.
ದುಡಿಯುವಾಗ ಮಿತವಾಗಿ ಉಣ್ಣುವುದು
ಬಿಡುವಿನಲ್ಲಿ ಕುರುಕುತ್ತದೆ.
ದಿನಕ್ಕೆ ಎಷ್ಟು ಹೊತ್ತು ಸುಮ್ಮನಿರುತ್ತೀರಿ?
ಇದನ್ನು ಕೇಳದೆ ತೀರ್ಪು ಹೇಳುವುದು ಹೇಗೆ?

ಹೆಲ್ಸಿಂಕಿಯಿಂದ ಖರೀದಿ ವಿಭಾಗದ ರೌನಿ ಬರೆದಳು:
‘ವಿವರಣೆ ಬೇಡ. ಒಂದು ಅಂಕಿ ಸಾಕು.
ದಶಮಾಂಶ ಇದ್ದರೆ ಒಳ್ಳೆಯದು.’

ತೈಸ್ತೋಗೆ ಅಂಕಿ ಬೇಡ.
ಮೂವತ್ತೊಂದು ವರ್ಷ ಇಲ್ಲೇ ಕಾಗದದ ಯಂತ್ರಕ್ಕೆ ಕರೆಂಟು ಕಾದವನು,
ಈಗ ಬಿಸಿಗಾಳಿಯ ಕೊಳವೆ ಕಾಯುತ್ತಾನೆ.
ಯಂತ್ರಗಳು ಉಗುಳಿದ ಬಿಸಿಯೆಲ್ಲ ನೆಲದಡಿ ಹರಿದು
ಊರಿನ ಈಜುಕೊಳ ಸೇರುತ್ತದೆ;
ಗುರುವಾರ ಅವನೂ ವೀಯೆನೊಳೂ ಅಲ್ಲಿ
ಗೋಡೆ ಹಿಡಿದು ನಿಧಾನ ತೇಲುತ್ತಾರೆ.
ನಾನು ‘ವ್ಯರ್ಥ’ ಎಂದು ಬರೆಯುವ ಕಾಲಮ್ಮಿನಲ್ಲಿ.
‘ನಿನ್ನ ನೀಲಿ ಗೆದ್ದರೆ’ ಅಂದ ಒಮ್ಮೆ,
‘ನೀರು ಒಂದು ಡಿಗ್ರಿ ಇಳಿಯುತ್ತದೋ?’
ಲೆಕ್ಕ ಹಾಕಲಿಲ್ಲ ನಾನು. ಹಾಕಬಹುದಿತ್ತು.

ಮೂರನೇ ಓಟದಲ್ಲಿ ಕೆಂಪು ಕೆಟ್ಟಿತು.
ಒಂಬತ್ತು ವ್ಯಾಟ್ ಹೆಚ್ಚು, ಕಾರಣವೇ ಇಲ್ಲದೆ.
ಕೇಬಲ್ ಬದಲಿಸಿದೆ. ಕೋಣೆಯ ತಾಪ ನೋಡಿದೆ, ಇಪ್ಪತ್ತೆರಡು, ಸರಿ.
ಸೆಟ್ಟಿಂಗು ಒಂದೊಂದೂ ಬೆರಳಿಟ್ಟು ಓದಿದೆ.
ಮೀಟರನ್ನೇ ಅನುಮಾನಿಸಿದೆ,
ಕೊನೆಗೆ ನನ್ನನ್ನೇ.
ಒಂದು ಗಂಟೆ ಕಳೆದ ಮೇಲೆ ರ‍್ಯಾಕಿನ ಹಿಂದೆ ಹೋದರೆ
ಬಿಸಿ ಬರುವ ಜಾಲರಿಗೆ ಬಟ್ಟೆಯ ಕ್ಲಿಪ್ಪು ಹಾಕಿ
ಬೂದು ಉಣ್ಣೆಯ ಕೈಗವಸು, ಒಂದು ಜೊತೆ,
ಹಬೆಯಾಡುತ್ತಿವೆ.

ಗಾಳಿಗೆ ದಾರಿಯಿಲ್ಲದೆ ಫ್ಯಾನು ಏದುಸಿರು ಬಿಟ್ಟಿದೆ,
ಅದಕ್ಕೇ ಆ ಒಂಬತ್ತು.

ತೈಸ್ತೋ ತಲೆ ಕೆರೆದುಕೊಂಡ.
‘ಮೊದಲು ನೀಲಿಯದಕ್ಕೇ ಹಾಕಿದ್ದೆ’ ಅಂದ,
‘ಒಣಗಲಿಲ್ಲ.’

ಓಟ ಮೂರು, ರದ್ದು ಎಂದು ಬರೆದೆ.
ಕಾರಣ ಕೇಳುವ ಚೌಕದಲ್ಲಿ ಕರ್ಸರ್ ಮಿನುಗುತ್ತಿತ್ತು.
ಅದನ್ನು ಹಾಗೇ ಬಿಟ್ಟು ನಾಲ್ಕನೆಯದನ್ನು ಶುರು ಮಾಡಿದೆ.
ಅವನು ಕುರ್ಚಿ ಎಳೆದುಕೊಂಡು
ಒಂದು ಒಣಗಿದ, ಒಂದು ಅರೆ ಒದ್ದೆ ಕೈಗವಸನ್ನು
ತೊಡೆಯ ಮೇಲಿಟ್ಟುಕೊಂಡು
ನಲವತ್ತೊಂದು ನಿಮಿಷವೂ
ಕೆಮ್ಮು ಬಂದರೆ ಅತ್ತ ತಿರುಗಿ ಕೆಮ್ಮುತ್ತ
ಮೀಟರನ್ನೇ ನೋಡುತ್ತಿದ್ದ.